ಕಾಲು ಹಿಡಿಯುವವನು

ಇಳಕಲ್ಲಿನ ನೇಕಾರರ ಓಣಿಯಲ್ಲಿ ಕಾಳವ್ವನ ಮನೆ ಯಾವುದೆಂದು ಕೇಳಿದರೆ ಸಣ್ಣ ಮಕ್ಕಳೂ ಕೈಮಾಡಿ ತೋರಿಸುತ್ತಿದ್ದರು. ಮಗ ಬಾಬಣ್ಣನ ಕುಣಿಮಗ್ಗ ಪಡಸಾಲೆಯಲ್ಲಿತ್ತು. ಹೊತ್ತು ಮೂಡುವ ಮೊದಲೇ ಅದರ ಸಪ್ಪಳ ಶುರುವಾಗುತ್ತಿತ್ತು. ಸೊಸೆ ಚಂದ್ರವ್ವ ಒಳಗೆ ರೊಟ್ಟಿ ಬಡಿಯುವಳು. ಮೊಮ್ಮಗ ಹುಚ್ಚೇಶ ಬಾಗಿಲ ಬೆಳಕಿನಲ್ಲಿ ರಾಟಿ ಇಟ್ಟುಕೊಂಡು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವನು. ಓಣಿಯಲ್ಲಿ ಇಂಥ ಮನೆ ನೂರಿದ್ದವು. ಆದರೂ ಜನ ಈ ಮನೆಯನ್ನು ಹುಡುಕಿಕೊಂಡು ಬರುತ್ತಿದ್ದದ್ದು ಸೀರೆಗಾಗಿ ಅಲ್ಲ, ಕೂಸುಗಳಿಗೆ ಚುಟಿಗೆ ಹಾಕಿಸುವುದಕ್ಕೆ.

ಕೂಸಿಗೆ ಹೊಟ್ಟೆ ಉಬ್ಬಿದರೆ, ಭೇದಿ ಹತ್ತಿದರೆ, ಕಾಮಣಿಯಾಗಿ ಕಣ್ಣು ಹಳದಿಯಾದರೆ, ಕಾಯಿಸಿದ ಕಬ್ಬಿಣದಿಂದ ಮೈ ಸುಡುವುದು ಆಗ ಊರೂರಿನ ರೂಢಿ. ಕಾಳವ್ವನ ಕೈಗುಣದ ಮೇಲೆ ಜನರಿಗೆ ನಂಬಿಕೆ ಹೆಚ್ಚು. ರಾಟಿಯ ಹಳೆಯ ಕದಿರೊಂದನ್ನು ಆಕೆ ಇದಕ್ಕೆಂದೇ ಬೇರೆ ಇಟ್ಟಿದ್ದಳು. ಅದನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ, ಹೊಕ್ಕಳ ಸುತ್ತ ನಾಲ್ಕು ಸಲ ತಾಗಿಸಿ ತೆಗೆದರೆ ಮುಗಿಯಿತು. ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ತನ್ನ ಅತ್ತೆ ಕಲಿಸಿದ ಪುಣ್ಯದ ಕೆಲಸ ಎಂದು ಖರೆಯಾಗಿಯೇ ನಂಬಿದ್ದಳು.

ಈ ಕೆಲಸಕ್ಕೆ ಇಬ್ಬರು ಬೇಕು. ಸುಡುವವರು ಒಬ್ಬರು, ಕೂಸಿನ ಕಾಲು ಹಿಡಿಯುವವರು ಒಬ್ಬರು. ಹೆತ್ತವಳ ಕೈ ಸಡಿಲಾಗುತ್ತದೆ, ಅದು ಆಗಿಬರುವುದಿಲ್ಲ. ಹುಚ್ಚೇಶನಿಗೆ ಹತ್ತು ತುಂಬಿದಾಗಿನಿಂದ ಕಾಲು ಹಿಡಿಯುವವನು ಅವನೇ.

"ಕೂಸಿನ ಮಾರಿ ನೋಡಬ್ಯಾಡ. ನನ್ನ ಕೈ ನೋಡು" ಎಂದು ಅಜ್ಜಿ, ಅವನ ಬಾಯಲ್ಲಿ 'ಆಯಿ', ಮೊದಲ ದಿನವೇ ಹೇಳಿಕೊಟ್ಟಿದ್ದಳು. ಅವನು ಹಾಗೇ ಮಾಡುತ್ತಿದ್ದ. ಆದರೆ ಕಿವಿಯನ್ನು ಎಲ್ಲಿಡಬೇಕೆಂದು ಆಯಿ ಹೇಳಿರಲಿಲ್ಲ.

ಅವನ ಮೈಮೇಲೂ ಒಂಬತ್ತು ಚುಟಿಗೆಗಳಿದ್ದವು. ಎಂಟು ಬರೀ ಕಲೆ. ಒಂಬತ್ತನೆಯದು ಕಾಮಣಿಯಾದಾಗ ಎಡಗೈಯ ಮೊಣಕೈ ಒಳಗೆ ಹಾಕಿದ್ದು. ಅದು ಕೀವಾಗಿ, ಮೂರು ತಿಂಗಳು ಸೋರಿ, ಮಾಯುವಾಗ ಚರ್ಮ ಜಗ್ಗಿಕೊಂಡು ಬಿಟ್ಟಿತ್ತು. ಅಂದಿನಿಂದ ಆ ಕೈ ನೆಟ್ಟಗಾಗುತ್ತಿರಲಿಲ್ಲ. ಎಡಗಡೆಯಿಂದ ಬಂದ ಲಾಳಿ ಹಿಡಿಯುವುದು ಅವನಿಂದ ಆಗದು. ಅವನ ಓರಗೆಯ ಹದಿನಾಲ್ಕರ ಹುಡುಗರೆಲ್ಲ ಮಗ್ಗದ ಕುಣಿಯಲ್ಲಿ ಇಳಿದಿದ್ದರು. ಇವನು ಮಾತ್ರ ಹೆಣ್ಣುಮಕ್ಕಳ ಜೊತೆ ಕೂತು ಕಂಡಿಕೆ ಸುತ್ತುತ್ತಿದ್ದ. ಕಮತಗಿಯ ಮಠದ ಅಜ್ಜನ ಹೆಸರಿಟ್ಟ ಹುಡುಗನನ್ನು ಓಣಿಯ ಹುಡುಗರು 'ಹುಚ್ಯಾ, ಸೊಟ್ಟಗೈ ಹುಚ್ಯಾ' ಎಂದು ಕರೆಯುತ್ತಿದ್ದರು. ಅವನು ತಲೆ ಎತ್ತುತ್ತಿರಲಿಲ್ಲ. ಉರಿಬೇಸಿಗೆಯಲ್ಲೂ ಅಂಗಿ ತೆಗೆಯುತ್ತಿರಲಿಲ್ಲ.

"ಕೈ ಹೋದ್ರ ಹೋತು, ಜೀಂವ ಉಳೀತಲ್ಲ" ಎನ್ನುತ್ತಿದ್ದಳು ಆಯಿ. ಅವನು ಕಂಡಿಕೆ ಸುತ್ತುತ್ತ ಯೋಚಿಸುತ್ತಿದ್ದ: ಆಯಿ ತನ್ನನ್ನು ಬದುಕಿಸಿದವಳೋ ಕೆಡಿಸಿದವಳೋ? ರಾತ್ರಿ ತನ್ನ ಪಕ್ಕದಲ್ಲೇ ಮಲಗಿಸಿಕೊಂಡು, ಆ ಕೈಗೆ ಕುಸುಬಿ ಎಣ್ಣೆ ತಿಕ್ಕಿ ಬೆಳೆಸಿದವಳೂ ಅವಳೇ.

ಅವನನ್ನು ಗರಡಿಮನೆಗೆ ಎಳೆದುಕೊಂಡು ಹೋದವನು ಎದುರುಮನೆಯ ಗಾಳೆಪ್ಪ. ಗಾಳೆಪ್ಪನಿಗೆ ಹದಿನೆಂಟು, ಸುತ್ತಣ ಹಳ್ಳಿಗಳಲ್ಲಿ ನಾಲ್ಕು ಕುಸ್ತಿ ಗೆದ್ದಿದ್ದ. ಕುಸ್ತಿಯಾಡುವ ಮಟ್ಟಿಗೆ ಹೊಸ ಮಣ್ಣು ಹಾಕುವ ದಿನ, "ಮಣ್ಣ ಹೊರಾಕ ಒಂದು ಕೈ ಕಡಿಮಿ ಬಿದ್ದೈತಿ, ಬಾ" ಎಂದ. ಸೊಟ್ಟ ಕೈಯವನನ್ನು ಹೀಗೆ ಕರೆದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಗರಡಿಮನೆ ಹಳ್ಳದ ದಂಡೆಯಲ್ಲಿತ್ತು. ಬಗ್ಗಿ ಒಳಗೆ ಹೋಗಬೇಕಾದ ಸಣ್ಣ ಬಾಗಿಲು, ನಡುವೆ ಕೆಂಪು ಮಣ್ಣಿನ ಮಟ್ಟಿ, ಗೋಡೆಯ ಗೂಡಿನಲ್ಲಿ ಮಾರುತಿ. ಗರಡಿಯ ಗುರು, ಅಂದರೆ ವಸ್ತಾದ, ಸುಭಾನಸಾಬ. ಐವತ್ತು ದಾಟಿದವನು, ಪಾತ್ರೆಗಳಿಗೆ ಕಲಾಯಿ ಹಾಕುವುದು ಅವನ ಕಸುಬು. ಮುಂಜಾನೆ ಸಂಜೆ ಗರಡಿಯಲ್ಲಿ ಹುಡುಗರಿಗೆ ಸಾಮು ಕಲಿಸುವನು. ಅಲ್ಲಿಗೆ ನೇಕಾರರ ಮಕ್ಕಳು, ಸಾಬರ ಮಕ್ಕಳು, ಒಕ್ಕಲಿಗರ ಮಕ್ಕಳು ಎಲ್ಲರೂ ಬರುತ್ತಿದ್ದರು. ಮಟ್ಟಿಗೆ ಇಳಿಯುವಾಗ ಎಲ್ಲರೂ ಅದೇ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಿದ್ದರು.

ಎಲ್ಲರೂ ಲಂಗೋಟಿ ಕಟ್ಟಿ ನಿಂತಾಗ ಹುಚ್ಚೇಶ ಅಂಗಿಯ ಗುಂಡಿ ಹಿಡಿದುಕೊಂಡು ಮೂಲೆಯಲ್ಲಿ ನಿಂತ. ಯಾರೋ ನಕ್ಕರು. ಸುಭಾನಸಾಬ ನಕ್ಕವನ ಕಡೆ ಒಮ್ಮೆ ನೋಡಿ, ಹುಚ್ಚೇಶನಿಗೆ, "ಅಂಗಿ ನಿಂದು. ತಗಿಯೂದು ಬಿಡೂದು ನಿನಗ ಸೇರಿದ್ದು. ಸಲಿಕಿ ತಗೋ" ಎಂದ.

ಎರಡು ತಿಂಗಳು ಅವನು ಅಂಗಿ ತೊಟ್ಟೇ ಮಣ್ಣು ಅಗೆದ, ಅಂಗಿ ತೊಟ್ಟೇ ಬೈಠಕ್ ಹೊಡೆದ. ವಸ್ತಾದ ದಿನಾ ಸಂಜೆ ಅವನ ಎಡಗೈಗೆ ಬಿಸಿ ಎಣ್ಣೆ ತಿಕ್ಕಿ, ಹಗುರಾದ ಒಂದು ಗದೆ ಕೊಟ್ಟು ತಿರುಗಿಸಲು ಹೇಳುವನು. ನೋವಾದರೆ ನಿಲ್ಲಿಸು ಎನ್ನುವನು. ಈ ಮಾತು ಹುಚ್ಚೇಶನಿಗೆ ವಿಚಿತ್ರವಾಗಿ ಕೇಳಿಸುತ್ತಿತ್ತು. ನೋವಾದರೆ ನಿಲ್ಲಿಸಬಹುದು ಎಂದು ಅವನ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದನ್ನು ಅವನು ಕೇಳಿರಲಿಲ್ಲ.

ಒಂದು ದಿನ ಬೆವರು ತಡೆಯಲಾರದೆ ಅವನು ಅಂಗಿ ಕಳಚಿ ಗೂಟಕ್ಕೆ ಹಾಕಿಬಿಟ್ಟ. ಹಾಕಿದ ಮೇಲೆ ಹೆದರಿದ. ಹುಡುಗರು ಅವನ ಹೊಟ್ಟೆ, ಪಕ್ಕೆ ನೋಡಿದರು. ಗಾಳೆಪ್ಪ ತನ್ನ ಲಂಗೋಟಿಯ ಅಂಚನ್ನು ಎರಡು ಬೆರಳು ಕೆಳಗೆ ಸರಿಸಿ, ಹೊಕ್ಕಳ ಸುತ್ತಿನ ನಾಲ್ಕು ಕಲೆ ತೋರಿಸಿದ. ಇನ್ನೊಬ್ಬ ಬೆನ್ನು ತಿರುಗಿಸಿದ. ಮತ್ತೊಬ್ಬ ಹಣೆಯ ಕೂದಲು ಎತ್ತಿದ.

"ನಮ್ಮೆಲ್ಲಾರ ಮ್ಯಾಲೂ ನಿಮ್ಮ ಆಯಿ ಸಹಿ ಐತಿ" ಎಂದ ಗಾಳೆಪ್ಪ. ಎಲ್ಲರೂ ನಕ್ಕರು. ಹುಚ್ಚೇಶನೂ ನಕ್ಕ. ಜನರ ನಡುವೆ ನಿಂತು ನಕ್ಕದ್ದು ಅವನಿಗೆ ನೆನಪಿದ್ದ ಹಾಗೆ ಅದೇ ಮೊದಲು. ಆದರೆ ಮನೆಗೆ ಹೋಗುವ ಮುನ್ನ ವಸ್ತಾದನ ಹತ್ತಿರ ಹೋಗಿ ಕೇಳಿದ: "ಇವರೆಲ್ಲಾ ಗಟ್ಟಿಮುಟ್ಟ ಅದಾರಲ್ರಿ. ಚುಟಿಗಿಯಿಂದನ ಉಳದಾರ ಅಂದಂಗ ಆತಲ್ಲ?"

ಸುಭಾನಸಾಬ ಕೈಗೆ ಹತ್ತಿದ ಮಣ್ಣು ಉದುರಿಸಿಕೊಂಡ. ಆಮೇಲೆ, "ಉಳದವರು ಇಲ್ಲಿ ನಿಂತಾರ, ನೀ ಎಣಸ್ತಿ. ಉಳೀಲಾರದವರು ಗರಡಿಗೆ ಬರ್ತಾರೇನು, ಎಣಸಾಕ?" ಎಂದು ಎದ್ದು ಹೋದ.

ಆ ಮಾತು ಹುಚ್ಚೇಶನ ತಲೆಯಲ್ಲಿ ಸಿಕ್ಕಾದ ನೂಲಿನಂತೆ ಉಳಿಯಿತು. ಎಳೆದಷ್ಟೂ ಬಿಗಿಯಾಗುತ್ತಿತ್ತು. ಒಂದು ಮಧ್ಯಾಹ್ನ ಆಯಿ ಅಡಿಕೆ ಕತ್ತರಿಸುತ್ತ ಕೂತಿದ್ದಾಗ ಕೇಳಿಯೇಬಿಟ್ಟ.

"ಆಯಿ, ನಿನಗ ಎಷ್ಟು ಮಕ್ಕಳು?"

"ಏಳು. ನಿಮ್ಮಪ್ಪ, ನಿಮ್ಮ ಅತ್ತಿ, ಎರಡಽ ಉಳದ್ವು. ಅವಕ್ಕ ಚುಟಿಗಿ ಹಾಕಿದ್ದಕ್ಕ ಉಳದ್ವು."

"ಸತ್ತ ಐದಕ್ಕ ಹಾಕಿರಲಿಲ್ಲೇನು?"

"ಹಾಕದ ಬಿಡ್ತೇನೇನು? ಅವಕ್ಕೂ ಹಾಕಿದ್ದೆ. ತಡಾ ಆಗಿತ್ತು."

"ಉಳದ್ರ ಚುಟಿಗಿಯಿಂದ. ಸತ್ರ ತಡಾ ಆಗಿದ್ದಕ್ಕ. ಹಂಗಂದ್ರ ಚುಟಿಗಿ ತಪ್ಪು ಅಂತ ಯಾವಾಗ ತಿಳಿಯೂದು, ಆಯಿ?"

ಕಾಳವ್ವ ಅಡಕತ್ತರಿ ಕೆಳಗಿಟ್ಟಳು. "ಗರಡಿಗೆ ಕಳಿಸಿದ್ದು ಮೈ ಬೆಳೀಲಿ ಅಂತ. ನಾಲಿಗಿ ಬೆಳೀಲಿ ಅಂತ ಅಲ್ಲ. ನಮ್ಮ ಹಿರಿಯಾರು ದಡ್ಡರೇನು? ಈ ಓಣ್ಯಾಗ ನನ್ನ ಕೈ ಮುಟ್ಟದ ಬೆಳದ ಒಂದು ಕೂಸು ತೋರಸು." ಅಷ್ಟು ಹೇಳಿ ಅವನ ಮುಂಗೈ ಹಿಡಿದು ಒತ್ತಿ ನೋಡಿದಳು. ಅವಳ ಮುಖ ಮೆತ್ತಗಾಯಿತು. "ಆದ್ರೂ ಒಂದು ಮಾತು ಖರೆ. ಗರಡಿಗೆ ಹೋದಮ್ಯಾಲೆ ನಿನ್ನ ಹಿಡಿತ ಗಟ್ಟಿ ಆಗೇತಿ. ಈಗ ಕೂಸು ಮಿಸುಕಂಗಿಲ್ಲ."

ಅದನ್ನು ಕೇಳಿ ಹಿಗ್ಗಬೇಕೋ ನಾಚಬೇಕೋ ಅವನಿಗೆ ತಿಳಿಯಲಿಲ್ಲ. ಸ್ವಲ್ಪ ಹಿಗ್ಗಿದ ಎಂಬುದನ್ನು ಇಲ್ಲಿ ಮುಚ್ಚಿಡಬಾರದು. ಮನೆಯಲ್ಲಿ ಯಾರಾದರೂ ಅವನ ಕೈಯನ್ನು ಹೊಗಳಿದ್ದು ಅಪರೂಪ.

ಮುಂದಿನ ಬೇಸಿಗೆಯಲ್ಲಿ ಅವನ ತಂಗಿ ಬನವ್ವನಿಗೆ ಏಳು ತಿಂಗಳು. ಹುಚ್ಚೇಶ ಹುಟ್ಟಿದ ಮೇಲೆ ಎರಡು ಕೂಸು ಕಳೆದುಕೊಂಡ ಚಂದ್ರವ್ವನಿಗೆ ಇದು ಕಣ್ಣಿನ ಬೊಂಬೆ. ಅಣ್ಣ ಗರಡಿಯಿಂದ ಬಂದ ಕೂಡಲೇ ಅವನ ಕುತ್ತಿಗೆಗೆ ಹತ್ತಿದ ಕೆಂಪು ಮಣ್ಣನ್ನು ಕೆರೆದು ಬಾಯಿಗಿಟ್ಟುಕೊಳ್ಳುವುದು ಅದರ ಆಟ. ಒಂದು ಮುಂಜಾನೆ ಕೂಸಿಗೆ ಭೇದಿ ಹತ್ತಿತು. ಮಧ್ಯಾಹ್ನಕ್ಕೆ ಕಣ್ಣು ಒಳಗೆ ಹೋದವು.

ಕಾಳವ್ವ ಒಲೆಯ ಮುಂದೆ ಕೂತು ಕೆಂಡ ಕೆದರಿದಳು. "ಹುಚ್ಚೇಶಾ, ಬಾ."

ಅವನು ಬಾಗಿಲಲ್ಲಿ ನಿಂತ. "ಆಯಿ, ಹುನಗುಂದದಾಗ ಸರಕಾರಿ ದವಾಖಾನಿ ಐತೆಂತ. ಗಾಳೆಪ್ಪ ಹೇಳ್ತಿದ್ದ."

"ಎಂಟು ಮೈಲಿ ಈ ಬಿಸಲಾಗ? ಹಾದ್ಯಾಗ ಜೀಂವ ಹೋದ್ರ ಯಾರ ಜವಾಬ್ದಾರಿ, ನೀನೋ ನಿಮ್ಮ ಗಾಳೆಪ್ಪನೋ?"

ಮಗ್ಗ ನಿಂತಿತು. ಬಾಬಣ್ಣ ಕುಣಿಯೊಳಗಿಂದಲೇ, "ಅವ್ವ ಹೇಳಿದಂಗ ಕೇಳು" ಎಂದ. ಚಂದ್ರವ್ವ ಅತ್ತೆಯ ಮುಖ ನೋಡಿದಳು, ಮಗನ ಮುಖ ನೋಡಿದಳು. ಹುಚ್ಚೇಶನ ತಲೆಯಲ್ಲಿ ಎಲ್ಲವೂ ಕಲಸಿಹೋಯಿತು. ಹಿಡಿಯದಿದ್ದರೆ, ಕೂಸು ಸತ್ತರೆ, ಕೊಂದವನು ತಾನು. ಆಯಿ ಹೇಳುವುದು ಖರೆ ಇದ್ದರೆ? ವಸ್ತಾದ ಕಲಾಯಿಯವನು, ಅವನಿಗೇನು ಗೊತ್ತು? ಯೋಚನೆ ಮುಗಿಯುವ ಮೊದಲೇ ಕಾಲುಗಳು ನಡೆದು ಹೋಗಿದ್ದವು. ಕೈಗಳು ರೂಢಿಯಂತೆ ಹಿಡಿದಿದ್ದವು.

ಬನವ್ವ ಮೊದಲು ಅಣ್ಣನನ್ನು ನೋಡಿ ನಕ್ಕಿತು. ಆಟವೆಂದು ತಿಳಿದಿರಬೇಕು. ಕದಿರು ತಾಗಿದಾಗ ಅದು ಒದ್ದ ಒದೆ ಎಷ್ಟಿತ್ತೆಂದರೆ ಅಷ್ಟು ಸಣ್ಣ ಕಾಲಿನಲ್ಲಿ ಅಷ್ಟು ಬಲ ಎಲ್ಲಿತ್ತೆಂದು ಅವನಿಗೆ ತಿಳಿಯಲಿಲ್ಲ. ಅವನು ಇನ್ನೂ ಗಟ್ಟಿ ಹಿಡಿದ. ಮೂರನೆಯ ಸಲಕ್ಕೆ ಒದೆ ಕಡಿಮೆಯಾಯಿತು. ನಾಲ್ಕನೆಯದಕ್ಕೆ ಕಾಲು ಸುಮ್ಮನಾಯಿತು. ಅವನು ಆಯಿಯ ಕೈಯನ್ನೇ ನೋಡುತ್ತಿದ್ದ.

ಆಮೇಲೆ ಕೂಸು ಮೊಲೆ ಹಿಡಿಯಲಿಲ್ಲ. ತಾಯಿಯ ಎದೆಗೆ ಒತ್ತಿಕೊಂಡರೆ ಹೊಟ್ಟೆಯ ಸುಟ್ಟ ಗಾಯ ತಾಗಿ ಚೀರುತ್ತಿತ್ತು. ಚೀರುವ ತ್ರಾಣವೂ ಹೋಯಿತು. ಮೂರನೆಯ ದಿನ ಹೊತ್ತು ಏರುವಾಗ ಚಂದ್ರವ್ವನ ತೊಡೆಯ ಮೇಲೆ ಜೀವ ಬಿಟ್ಟಿತು.

"ತಡಾ ಆತು. ಮುಂಜಾನೆನ ಹಾಕಬೇಕಿತ್ತು" ಎಂದು ಕಾಳವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಅಳು ಸುಳ್ಳಾಗಿರಲಿಲ್ಲ. ಹುಚ್ಚೇಶ ತನ್ನ ಎರಡೂ ಕೈಗಳನ್ನು ನೋಡುತ್ತ ಕೂತ.

ಹತ್ತು ದಿನ ಅವನು ಗರಡಿಗೆ ಹೋಗಲಿಲ್ಲ. ಹನ್ನೊಂದನೆಯ ದಿನ ಸುಭಾನಸಾಬನೇ ಬಂದ. ಒಳಗೆ ಕರೆದರೂ ಬಾರದೆ ಕಟ್ಟೆಯ ಮೇಲೆ ಕೂತ. ಹುಚ್ಚೇಶ ಅವನ ಪಕ್ಕದಲ್ಲಿ ಕೂತು ಹೇಳಿದ:

"ವಸ್ತಾದ್ರ, ನಾ ಗರಡಿಗೆ ಬರದ ಇದ್ದಿದ್ರ ಕೈಯಾಗ ಇಷ್ಟು ಕಸುವು ಇರತಿರಲಿಲ್ಲ. ಕೂಸು ತಪ್ಪಿಸಿಕೊಂಡರ ತಪ್ಪಿಸಿಕೋತಿತ್ತು."

ಸುಭಾನಸಾಬ ಅವನನ್ನು ಸಮಾಧಾನ ಮಾಡಲಿಲ್ಲ. ತನ್ನ ಅಂಗೈಗಳನ್ನು ಮೊಣಕಾಲ ಮೇಲೆ ಮಲಗಿಸಿ ಹೇಳಿದ: "ನನ್ನ ಮಗ ಶಾಬುದ್ದೀನಗ ಒಂದು ವರ್ಷ. ಅವನ ಅವ್ವ ಬಾನುಬಿ ಬ್ಯಾಡ ಅಂದಳು. ನಾನಽ ಎತ್ತಿಗೊಂಡು ಬಂದೆ, ಇದಽ ಮನಿಗೆ. ಆಗ ನೀ ಹುಟ್ಟಿರಲಿಲ್ಲ. ಕಾಲ ಹಿಡದಾಂವ ನಾನಽ. ಹದಿನಾರು ಕುಸ್ತಿ ಗೆದ್ದ ಕೈ ಇವು. ನಾಕು ದಿನಕ್ಕ ಹೋದ."

"ಆಯಿಗೆ ನೀವು ಏನೂ ಅನ್ಲಿಲ್ಲೇನು?"

"ಏನಂತ ಅನ್ಲಿ? ಕೊಟ್ಟಾಂವ ನಾ, ಹಿಡದಾಂವ ನಾ. ಕಬ್ಬಿಣ ಒಂದಽ ಆಕಿದು. ದಿನಾ ಬೆಂಕಿ ಮುಂದ ಕುಂದ್ರಾಂವ ನಾ ಹುಚ್ಚೇಶಾ. ತಾಮ್ರಕ್ಕ ಏನಾಗತೈತಿ ನನಗ ಗೊತ್ತು. ಮೈಗೆ ಏನಾಗತೈತಿ ಅಂತ ವಿಚಾರ ಮಾಡ್ಲಿಲ್ಲ. ರೂಢಿ ಅಂದ್ರ ಹಂಗ, ವಿಚಾರ ಮಾಡಾಕ ಬಿಡಂಗಿಲ್ಲ." ಅಷ್ಟು ಹೇಳಿ ಎದ್ದ. "ನಾಳಿ ಬಾ. ಕುಸ್ತಿ ಬ್ಯಾಡ. ಮಟ್ಟಿ ಅಗೀಬೇಕು, ಅಷ್ಟ."

ಮರುದಿನ ಹೋದ. ಯಾರೂ ಏನೂ ಕೇಳಲಿಲ್ಲ. ಗಾಳೆಪ್ಪ ಸಲಿಕೆ ಕೊಟ್ಟ. ಎಲ್ಲರೂ ಕೂಡಿ ಮಣ್ಣು ಅಗೆದರು. ದಣಿದು ಕೂತಾಗ ಹುಚ್ಚೇಶ ತಾನಾಗಿ ಬಾಯಿಬಿಟ್ಟ. ಬನವ್ವ ನಕ್ಕದ್ದರಿಂದ ಹಿಡಿದು ಕಾಲು ಸುಮ್ಮನಾದದ್ದರವರೆಗೆ ಎಲ್ಲವನ್ನೂ ಹೇಳಿದ. ಹೇಳುತ್ತ ಅತ್ತ. ನಗುವವರು ಯಾರೂ ಇರಲಿಲ್ಲ. ಒಬ್ಬ ಹುಡುಗ ತನ್ನ ತಮ್ಮನ ಮಾತು ತೆಗೆದ, ಇನ್ನೊಬ್ಬ ಅಕ್ಕನ ಮಗನ ಮಾತು. ಗರಡಿಗೆ ಬಾರದವರನ್ನು ಆ ಸಂಜೆ ಅವರು ಮೊದಲ ಸಲ ಎಣಿಸಿದರು.

ತಿಂಗಳಾದ ಮೇಲೆ ಒಂದು ಮುಂಜಾನೆ ಹಿಂದಿನ ಓಣಿಯ ಅಮೀನಬಿ ಐದು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ಅವಳ ಅತ್ತೆಯೂ ಜೊತೆಗಿದ್ದಳು. ಅದೇ ಭೇದಿ, ಅದೇ ಒಳಗೆ ಹೋದ ಕಣ್ಣು. ಮೊಮ್ಮಗಳು ಸತ್ತ ಮೇಲೆ ಕಾಳವ್ವ ಕೆಂಡ ಹಾಕಿದ್ದು ಅದೇ ಮೊದಲು. ಕದಿರನ್ನು ಎರಡು ಸಲ ಒರೆಸಿ ಕೆಂಡದಲ್ಲಿಟ್ಟಳು.

"ಹುಚ್ಚೇಶಾ, ಬಾ."

"ನಾ ಹಿಡಿಯಂಗಿಲ್ಲ, ಆಯಿ."

ಕಾಳವ್ವನಿಗೆ ಅದು ಸರಿಯಾಗಿ ಕೇಳಿಸಲಿಲ್ಲವೆಂದು ತೋರಿತು. ಅವನು ಇನ್ನೊಮ್ಮೆ ಹೇಳಿದ. ತಾನು ಮಾಡುತ್ತಿರುವುದು ಸರಿಯೆಂದು ಅವನಿಗೆ ಆ ಗಳಿಗೆಯಲ್ಲೂ ಪೂರ್ತಿ ಗೊತ್ತಿರಲಿಲ್ಲ. ಹಿಡಿಯಲಾರೆ ಎಂಬುದು ಮಾತ್ರ ಗೊತ್ತಿತ್ತು.

ಅಮೀನಬಿಯ ಅತ್ತೆ, "ಕೈ ಮುಗೀತೇನಿ ಯಪ್ಪಾ, ಕೂಸು ಹೋಗತೈತಿ" ಎಂದು ಅವನ ಮುಂದೆ ಬಗ್ಗಿದಳು. ಅವನು ಹಿಂದಕ್ಕೆ ಸರಿದು ಗೋಡೆಗೆ ಒರಗಿದ. ಕಾಳವ್ವ ಬಾಗಿಲಿಗೆ ಬಂದು ಎದುರುಮನೆಯ ಗಾಳೆಪ್ಪನನ್ನು ಕರೆದಳು. ಗಾಳೆಪ್ಪ ಬಂದ. ಕದಿರನ್ನು ನೋಡಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. "ನನ್ನ ಕಡಿಂದ ಆಗಂಗಿಲ್ಲ ಆಯಿ. ಬೇಕಂದ್ರ ಹುನಗುಂದಕ್ಕ ಹೊತಗೊಂಡು ಹೋಗ್ತೇನಿ." ಕಟ್ಟೆಯ ಮೇಲಿದ್ದ ಇನ್ನಿಬ್ಬರು ಗರಡಿಯ ಹುಡುಗರು ಎದ್ದು ಬಂದು ಅವನ ಪಕ್ಕದಲ್ಲಿ ನಿಂತರು. ಅವರನ್ನೂ ಕೇಳಿದಳು. ಅವರೂ ಒಲ್ಲೆವೆಂದರು.

ಬಾಬಣ್ಣ ಮಗ್ಗದ ಕುಣಿಯಿಂದ ಮೇಲೆ ಬಂದ. "ನಿಮ್ಮ ಗರಡಿ ಸುಡ್ಲಿ. ಸರೀರಿ, ನಾ ಹಿಡೀತೇನಿ."

"ಹಿಡೀಬ್ಯಾಡ್ರಿ."

ಅಂದವಳು ಚಂದ್ರವ್ವ. ಹದಿನೇಳು ವರ್ಷದ ಸಂಸಾರದಲ್ಲಿ ಅತ್ತೆಯ ಮುಂದೆ ಗಂಡನಿಗೆ ಅವಳು ಎದುರಾಡಿದವಳಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು, ಹಿಟ್ಟು ಹತ್ತಿದ ಕೈ ಹಾಗೇ ಇತ್ತು. "ನನ್ನ ಕೂಸು ಹಾಲು ಕುಡೀಲಾರದ ಹೋತು. ಸುಟ್ಟ ಹೊಟ್ಟಿ ತಾಗೂದಕ್ಕ ಕುಡೀಲಿಲ್ಲ. ನಾ ನೋಡೇನಿ. ಹಿಡೀಬ್ಯಾಡ್ರಿ."

ಅಮೀನಬಿ ಅತ್ತೆಯನ್ನು ನೋಡಲಿಲ್ಲ. ನೇರವಾಗಿ ಬಂದು ಕೂಸನ್ನು ಹುಚ್ಚೇಶನ ತೋಳಿಗೆ ಕೊಟ್ಟು, "ನಡೀರಿ, ನಾನೂ ಬರ್ತೇನಿ" ಎಂದಳು.

ಹಾದಿಯಲ್ಲಿ ಸುಭಾನಸಾಬನೂ ಕೂಡಿಕೊಂಡ. ಕೂಸಿನ ಮೇಲೆ ಒದ್ದೆ ಬಟ್ಟೆ ಹಿಡಿದು, ಒಬ್ಬರು ದಣಿದರೆ ಒಬ್ಬರು ಎತ್ತಿಕೊಂಡು, ಹೊತ್ತು ನೆತ್ತಿಗೆ ಬರುವುದರೊಳಗೆ ಎಂಟು ಮೈಲಿ ನಡೆದರು. ಹುಚ್ಚೇಶನ ಎಡಗೈ ಪೂರ್ತಿ ನೆಟ್ಟಗಾಗಿರಲಿಲ್ಲ. ಆದರೆ ಕೂಸು ಆ ಬಾಗಿದ ಕೈಯೊಳಗೆ ತೊಟ್ಟಿಲಲ್ಲಿದ್ದ ಹಾಗೆ ಇತ್ತು. ದವಾಖಾನೆಯ ಡಾಕ್ಟರು ಕೂಸಿನ ಹೊಟ್ಟೆಯ ಬಟ್ಟೆ ಸರಿಸಿ, "ಸುಡದ ತಂದೀರಿ, ಚಲೋ ಆತು. ಸುಟ್ಟು ತಂದ್ರ ಎರಡು ರೋಗಕ್ಕ ಔಷಧ ಕೊಡಬೇಕಾಗತೈತಿ" ಎಂದರು. ಕಾಸಿ ಆರಿಸಿದ ನೀರು, ಗಂಜಿಯ ತಿಳಿ, ಒಂದು ಪುಡಿ, ತಾಯಿಯ ಹಾಲು. ಆರು ದಿನಕ್ಕೆ ಕೂಸು ಕಣ್ಣು ತೆರೆದು ನೋಡಿತು.

ಓಣಿಯಲ್ಲಿ ಎರಡು ಮಾತಾಯಿತು. ಕೆಲವರು ಹುಡುಗರನ್ನು ಹೊಗಳಿದರು, ಕೆಲವರು ಕಾಳವ್ವನ ಮನೆಗೆ ದೈವ ಮುನಿಯುತ್ತದೆ ಎಂದರು. ಹುಚ್ಚೇಶನಿಗೆ ಗೆದ್ದ ಹಿಗ್ಗು ಬರಲಿಲ್ಲ. ಈ ಒಂದು ಕೂಸು ಉಳಿದದ್ದರಿಂದ ಬನವ್ವ ತಿರುಗಿ ಬರುವುದಿಲ್ಲ.

ಆಯಿ ಎಂಟು ದಿನ ಅವನ ಜೊತೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಊಟಕ್ಕೆ ಕೂತಾಗ ಅವನ ತಾಟಿನ ಕಡೆ ನೋಡುತ್ತ ಕೇಳಿದಳು: "ನೀ ಹೇಳೂದು ಖರೆ ಇದ್ರ, ನಲವತ್ತು ವರ್ಷ ನಾ ಮಾಡಿದ್ದು ಏನು ಹಂಗಾದ್ರ?"

"ನನಗೂ ತಿಳೀವಲ್ದು, ಆಯಿ" ಎಂದ. ತನ್ನ ತಾಟಿನ ರೊಟ್ಟಿ ಮುರಿದು ಅರ್ಧ ಅವಳ ತಾಟಿಗಿಟ್ಟ.

ಮುಂದಿನ ವಾರ ಕಮತಗಿಯ ಕಡೆಯಿಂದ ಒಬ್ಬ ಹೆಣ್ಣುಮಗಳು ಚಕ್ಕಡಿ ಕಟ್ಟಿಸಿಕೊಂಡು ಬಂದಳು. ಕೂಸು ಅವಳ ಹೆಗಲ ಮೇಲೆ ಬಾಡಿ ಮಲಗಿತ್ತು. "ಚುಟಿಗಿ ಹಾಕೋ ಕಾಳವ್ವಾಯಿ ಮನಿ ಇದಽ ಏನ್ರಿ?" ಎಂದು ಕೇಳಿದಳು. ಕಾಳವ್ವ ಕಟ್ಟೆಯ ಮೇಲೆ ಕೂತಿದ್ದಳು. ಹುಚ್ಚೇಶ ರಾಟಿ ನಿಲ್ಲಿಸಿ ಆಯಿಯನ್ನೇ ನೋಡಿದ.

ಕಾಳವ್ವ ಎದ್ದು ಬಂದು ಕೂಸಿನ ಹಣೆ ಮುಟ್ಟಿದಳು, ಹೊಟ್ಟೆ ಮುಟ್ಟಿದಳು. ಸೆರಗಿನಿಂದ ಅದರ ಮುಖಕ್ಕೆ ನೆರಳು ಮಾಡಿದಳು.

"ಹುನಗುಂದದ ದವಾಖಾನಿ ದಾಟಿ ಬಂದಿಯಲ್ಲವ್ವ" ಎಂದಳು ಕಡೆಗೆ. "ಈ ಮನ್ಯಾಗ ಕಾಲ ಹಿಡಿಯಾವರು ಯಾರೂ ಇಲ್ಲ."

ಅದನ್ನು ಆಯಿ ಸಿಟ್ಟಿನಿಂದ ಹೇಳಿದಳೋ, ಸೋತು ಹೇಳಿದಳೋ, ತಿಳಿದು ಹೇಳಿದಳೋ, ಹುಚ್ಚೇಶನಿಗೆ ಗೊತ್ತಾಗಲಿಲ್ಲ. ಅವನು ತಲೆಗೆ ವಸ್ತ್ರ ಸುತ್ತಿಕೊಂಡು ಹೊರಗೆ ಬಂದ, ಚಕ್ಕಡಿಯವನಿಗೆ ಎತ್ತು ಹುನಗುಂದದ ಕಡೆ ತಿರುಗಿಸಲು ಹೇಳಿದ, ಆ ತಾಯಿಯನ್ನು ಹತ್ತಿಸಿ ತಾನೂ ಹತ್ತಿ ಕೂತ.